ಚೀಟಿ ಬಿಚ್ಚಿದ ಮೇಲಿನ ಮಾತು

ಆಶುಭಾಷಣ ಕೇಳಲು ಹೋದವರು ಮೊದಲು ಮಕ್ಕಳ ಕೈ ನೋಡಬೇಕು. ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ. ಒಳಗೆ ನಾಲ್ಕು ಮಡಿಕೆ ಹಾಕಿದ ಚೀಟಿಗಳು. ಒಬ್ಬ ಹುಡುಗ ಕೈಗೆ ಸಿಕ್ಕ ಮೊದಲನೆಯದನ್ನೇ ಎತ್ತಿಬಿಡುತ್ತಾನೆ. ಇನ್ನೊಬ್ಬಳು ಡಬ್ಬಿಯನ್ನು ತಳದವರೆಗೆ ಕೆದಕಿ, ಒಂದನ್ನು ಹಿಡಿದು, ಬಿಟ್ಟು, ಮತ್ತೆ ಅದನ್ನೇ ಹಿಡಿಯುತ್ತಾಳೆ. ಮೂರನೆಯವನ ಕಣ್ಣು ಡಬ್ಬಿಯ ಕಡೆಗೇ ಇಲ್ಲ, ಮೇಷ್ಟ್ರ ಮುಖದ ಮೇಲಿದೆ. ಚೀಟಿ ಬರೆದವರು ಅವರೇ ಅಲ್ಲವೇ, ಹುಬ್ಬಿನಲ್ಲಾದರೂ ಏನಾದರೂ ಸುಳಿವು ಕೊಟ್ಟಾರು ಎಂಬ ಆಸೆ. ಬಿಚ್ಚಿ ಓದುವಾಗ ತುಟಿ ಅಲ್ಲಾಡುತ್ತದೆ. ‘ಪರಿಸರ ಸಂರಕ್ಷಣೆ’ ಬಂದರೆ ಮುಖ ಅರಳುತ್ತದೆ, ಅದು ಎಂದೋ ಬಾಯಿಪಾಠ ಆಗಿದೆ. ‘ನಮ್ಮೂರ ಸಂತೆ’ ಬಂದರೆ ಮುಖ ಸಣ್ಣಗಾಗುತ್ತದೆ, ಅದನ್ನು ಯಾರೂ ಬರೆದುಕೊಟ್ಟಿಲ್ಲ. ಕೇಳುವವರ ಲೆಕ್ಕ ಮಾತ್ರ ಉಲ್ಟಾ. ಮುಖ ಸಣ್ಣಗಾಯಿತೆಂದರೆ ನಾವು ನೆಟ್ಟಗೆ ಕೂತುಕೊಳ್ಳಬೇಕು, ಒಳ್ಳೆಯದೇನೋ ಬರಲಿಕ್ಕಿದೆ.

ನಾನು ಹೇಳುತ್ತಿರುವುದು ರಾರಾವಿ ಕಡೆಯ ಮಾತು; ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಊರು. ಹಗರಿ ಹೊಳೆಯ ಮಗ್ಗುಲಲ್ಲಿ, ಆದೋನಿ ಕಡೆಗೆ ಹೋಗುವ ದಾರಿಯ ಮೇಲೆ. ಇಂಥ ಊರುಗಳಲ್ಲಿ ಮಾತಿನ ಕ್ಲಬ್ಬೆಂದರೆ ಸರ್ಕಾರಿ ಶಾಲೆಯ ಕೊಠಡಿಯೇ. ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ಬರುತ್ತದೆ; ಮೊದಲು ಕ್ಲಸ್ಟರ್ ಮಟ್ಟ, ಗೆದ್ದರೆ ತಾಲೂಕು, ಆಮೇಲೆ ಜಿಲ್ಲೆ, ಅದೃಷ್ಟವಿದ್ದರೆ ರಾಜ್ಯ. ಒಂದು ಕೋಣೆಯಲ್ಲಿ ಛದ್ಮವೇಷದ ಮಕ್ಕಳಿಗೆ ಮೀಸೆ ಅಂಟಿಸುತ್ತಿರುತ್ತಾರೆ, ಪಕ್ಕದ ಕೋಣೆಯಲ್ಲಿ ಜನಪದ ಗೀತೆ, ವರಾಂಡದಲ್ಲಿ ಮಣ್ಣಿನ ಮಾದರಿ. ಆಶುಭಾಷಣಕ್ಕೆ ಸಾಮಾನ್ಯವಾಗಿ ಕೊನೆಯ ಕೋಣೆ ಸಿಗುತ್ತದೆ, ನೋಡುವವರು ಕಡಿಮೆ ಎಂದು. ಅದು ಒಳ್ಳೆಯದೇ ಆಯಿತು. ನಾಲ್ಕು ಜನ ಮೇಷ್ಟ್ರು, ಸರದಿ ಕಾಯುವ ಮಕ್ಕಳು, ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತ ಊರ ಹುಡುಗರು, ಮೂಲೆಯ ಬೆಂಚಿನಲ್ಲಿ ನನ್ನಂಥ ಕೆಲಸವಿಲ್ಲದ ಒಬ್ಬಿಬ್ಬರು. ಒಳ್ಳೆಯ ಮಾತು ಕೇಳಲು ಇದಕ್ಕಿಂತ ದೊಡ್ಡ ಸಭೆ ಬೇಕಿಲ್ಲ.

ಸಿದ್ಧಭಾಷಣದ ಸ್ಪರ್ಧೆಯನ್ನೂ ಹಗುರಾಗಿ ಕಾಣಬಾರದು. ಅದಕ್ಕೆ ಅದರದೇ ರುಚಿಯಿದೆ. ಮಗು ಬಂದು ನಿಲ್ಲುತ್ತದೆ, ಕೈ ಹಿಂದಕ್ಕೆ ಕಟ್ಟುತ್ತದೆ, ಗಲ್ಲ ಮೇಲೆತ್ತುತ್ತದೆ. ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರಿಗೆ, ಗುರುವೃಂದಕ್ಕೆ, ನಿಷ್ಪಕ್ಷಪಾತ ತೀರ್ಪು ನೀಡಲು ಬಂದಿರುವ ನಿರ್ಣಾಯಕರಿಗೆ, ಸಹಪಾಠಿ ಮಿತ್ರರಿಗೆ ಒಂದೇ ಉಸಿರಿನಲ್ಲಿ ವಂದನೆ ಸಲ್ಲುತ್ತದೆ. ವೇದಿಕೆ ಇರಲಿ ಬಿಡಲಿ, ಗಣ್ಯರು ಬಂದಿರಲಿ ಬಿಡಲಿ. ಈ ಸಂಬೋಧನೆಯನ್ನು ಗೇಲಿ ಮಾಡುವವರುಂಟು. ನನಗೆ ಅದು ಹಾಡುಗಾರರು ಶ್ರುತಿ ಹಿಡಿದ ಹಾಗೆ ಕೇಳಿಸುತ್ತದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮಗುವಿಗೆ ತನ್ನ ದನಿ ಕೋಣೆಯಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಗೊತ್ತಾಗಿರುತ್ತದೆ, ಮೊಣಕಾಲಿನ ನಡುಕ ನಿಂತಿರುತ್ತದೆ. ಕೇಸರಿ ಪೇಟ ಸುತ್ತಿಕೊಂಡ ವಿವೇಕಾನಂದರಂತೂ ಪ್ರತಿ ವರ್ಷ ಒಬ್ಬರಾದರೂ ಬಂದೇ ಬರುತ್ತಾರೆ. ಅವರ ಆಯ್ಕೆ ತಪ್ಪಲ್ಲ. 1893ರ ಸೆಪ್ಟೆಂಬರ್ 11ರಂದು ಷಿಕಾಗೊದಲ್ಲಿ ಸ್ವಾಮೀಜಿ ಆಡಿದ ಮೊದಲ ದಿನದ ಮಾತು ಐದು ನಿಮಿಷಕ್ಕೆ ಮೀರದಷ್ಟು ಚಿಕ್ಕದು. ನಮ್ಮ ಶಾಲಾ ಸ್ಪರ್ಧೆಯ ಗಂಟೆಗೂ ಅದು ಸಿಕ್ಕಿಬೀಳುತ್ತಿರಲಿಲ್ಲ.

ಆದರೆ ಬಾಯಿಪಾಠದ ಭಾಷಣದಲ್ಲಿ ನಾವು ಕೇಳುವುದು ಮಗುವಿನ ನೆನಪನ್ನು ಮತ್ತು ಬರೆದುಕೊಟ್ಟವರ ಓದನ್ನು. ‘ಹಸಿರೇ ಉಸಿರು’ ಎಂಬಲ್ಲಿ ಕೈ ಮೇಲೆ ಹೋಗಬೇಕೆಂದು ಹೇಳಿಕೊಟ್ಟಿದ್ದರೆ ಕೈ ಮೇಲೆ ಹೋಗುತ್ತದೆ. ಕೆಲವೊಮ್ಮೆ ಅರ್ಧ ವಾಕ್ಯ ಮುಂಚೆಯೇ ಹೋಗಿಬಿಡುತ್ತದೆ, ಮಾತು ಹಿಂದಿನಿಂದ ಓಡಿಬಂದು ಕೈಯನ್ನು ಕೂಡಿಕೊಳ್ಳುತ್ತದೆ. ಚರ್ಚಾ ಸ್ಪರ್ಧೆಯ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಮೊಬೈಲ್ ವರವೋ ಶಾಪವೋ ಎಂಬ ವ್ಯಾಜ್ಯ ನಡೆದೇ ಇದೆ, ಪರದವರೂ ವಿರೋಧದವರೂ ಹೊರಗೆ ಬಂದು ಒಂದೇ ಮೊಬೈಲಿನಲ್ಲಿ ಆಟ ಆಡುತ್ತಿರುತ್ತಾರೆ.

ಆಶುಭಾಷಣದ ರಸ ಬೇರೆ. ಒಂದು ಸಲ ಕೇಳಿದ್ದನ್ನು ಹೇಳುತ್ತೇನೆ.

ಏಳನೇ ತರಗತಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮೇಲಕ್ಕೆ ಮಡಿಚಿ ಕಟ್ಟಿದ ಕೆಂಪು ರಿಬ್ಬನ್ನು. ಚೀಟಿಯಲ್ಲಿ ಬಂದದ್ದು ಒಂದೇ ಪದ: ನೀರು. ಯೋಚಿಸಲು ಕೊಟ್ಟ ನಿಮಿಷವನ್ನು ಅವಳು ತೊಲೆ ನೋಡುತ್ತ ಕಳೆದಳು. ಆಮೇಲೆ ಶುರುವಾಯಿತು. ನೀರು ಜೀವಜಲ. ನೀರಿಲ್ಲದೆ ಜೀವವಿಲ್ಲ. ಭೂಮಿಯ ಮುಕ್ಕಾಲು ಪಾಲು ನೀರಿನಿಂದ ಆವೃತವಾಗಿದೆ. ಮೂರೂ ವಾಕ್ಯ ಸರಾಗ, ಮೂರೂ ಪಾಠದ ಪುಸ್ತಕದ್ದು. ನಾಲ್ಕನೆಯದು ಬರಲಿಲ್ಲ. ಅವಳ ಬಾಯಿ ತೆರೆದಿತ್ತು, ಮಾತಿರಲಿಲ್ಲ. ಮುಂದಿನ ಬೆಂಚಿನವನೊಬ್ಬ ಕಿಸಕ್ಕೆಂದ. ಅವಳ ಮೇಷ್ಟ್ರು ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳತೊಡಗಿದರು. ಕಿಟಕಿಯಾಚೆ ಗದ್ದೆ ಕಾಣುತ್ತಿತ್ತು. ಅವಳು ಅತ್ತ ನೋಡಿದಳು, ಕಟ್ಟಿದ್ದ ಕೈ ಬಿಚ್ಚಿದಳು, ಮತ್ತೆ ಹೇಳಿದಳು: “ಕಾಲುವಿಗೆ ನೀರು ಬಿಟ್ ದಿನ ನಮ್ಮಪ್ಪ ರಾತ್ರಿ ಮನಿಗೆ ಬರಾದಿಲ್ಲ.”

ಕೋಣೆಯ ಗಾಳಿಯೇ ಬದಲಾಯಿತು. ಕಿಸಕ್ಕೆಂದವನೂ ತಿರುಗಿ ನೋಡಿದ. ಅವರ ಹೊಲ ಕಾಲುವೆಯ ಕೊನೆಯಲ್ಲಿದೆಯಂತೆ. ಮೇಲಿನವರು ಕಟ್ಟಿಕೊಂಡು, ಕುಡಿಸಿಕೊಂಡು, ಉಳಿದರೆ ಕೆಳಗಿನವರಿಗೆ. ಅದಕ್ಕೇ ಅಪ್ಪ ಕಂಬಳಿ, ಬ್ಯಾಟರಿ ತೆಗೆದುಕೊಂಡು ತೂಬಿನ ಹತ್ತಿರ ಕೂರುತ್ತಾನೆ. ರೊಟ್ಟಿ ಗಂಟು ಕೊಟ್ಟುಬರುವ ಕೆಲಸ ಇವಳದು. ಅಲ್ಲಿ ಕೂತಾಗ ಕಂಡದ್ದನ್ನು ಹೇಳಿದಳು: ಒಣಗಿದ ಕಾಲುವೆಯಲ್ಲಿ ನೀರು ಬರುವಾಗ ಮೊದಲು ನೀರು ಕಾಣುವುದಿಲ್ಲ. “ಮೊದ್ಲು ಕಸಕಡ್ಡಿ ಬರ್ತೈತ್ರಿ. ಕಸಕಡ್ಡಿ ತಾನಾ ನಡ್ಕೊಂತ ಬಂದಂಗ ಕಾಣ್ತೈತಿ. ಅದರ ಹಿಂದ ನೀರು ಇರ್ತೈತಿ.” ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ ಎಂದಳು. ಅದು 2024ರ ಆಗಸ್ಟ್ 10ರ ರಾತ್ರಿಯ ಮಾತು. ಆ ಅಣೆಕಟ್ಟಿನ ಕಾಲುವೆಯನ್ನೇ ನಂಬಿದ ಈ ಸೀಮೆಯಲ್ಲಿ ಆ ವಾರ ನೆಮ್ಮದಿಯಾಗಿ ಉಂಡವರಿರಲಿಲ್ಲ. ಅಷ್ಟರಲ್ಲಿ ಗಂಟೆ ಬಿತ್ತು. ಹುಡುಗಿ ಬೆಚ್ಚಿ, ಕೈ ಮತ್ತೆ ಹಿಂದಕ್ಕೆ ಕಟ್ಟಿ, ಪುಸ್ತಕದ ದನಿಗೆ ಮರಳಿ, “ಆದ್ದರಿಂದ ನಾವೆಲ್ಲರೂ ನೀರನ್ನು ಮಿತವಾಗಿ ಬಳಸಬೇಕು” ಎಂದು ಮುಗಿಸಿದಳು.

ಈ ಕೊನೆಯ ವಾಕ್ಯವನ್ನು ಗಮನಿಸಬೇಕು. ಪ್ರತಿ ಶಾಲೆಯ ಗೋಡೆಯ ಮೇಲೂ ಬರೆದಿರುವ, ಯಾರೂ ಓದದ ವಾಕ್ಯ ಅದು. ಮೊದಲ ನಿಮಿಷದಲ್ಲಿ ಹೇಳಿದ್ದರೆ ಕಿವಿಗೆ ತಾಗದೆ ಹೋಗುತ್ತಿತ್ತು. ತೂಬಿನ ಹತ್ತಿರ ಕಂಬಳಿ ಹೊದ್ದು ಕೂತ ಅಪ್ಪನ ಬೆನ್ನಿಗೆ ಬಂದದ್ದರಿಂದ ಅದಕ್ಕೊಂದು ತೂಕ ಬಂತು. ‘ಮಿತವಾಗಿ’ ಎಂದರೆ ಮೇಲಿನ ಹೊಲದವರು ಮಿತವಾಗಿ ಎಂಬ ಅರ್ಥವೂ ಅದರೊಳಗೆ ಹೊಕ್ಕಿತು. ಹುಡುಗಿಗೆ ಇದು ಗೊತ್ತಿತ್ತೋ ಇಲ್ಲವೋ. ಕೇಳುತ್ತಿದ್ದ ರೈತರ ಮಕ್ಕಳಿಗಂತೂ ಗೊತ್ತಾಗಿತ್ತು, ಯಾಕೆಂದರೆ ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಅದು ಮೊದಲಿನ ನಗುವಲ್ಲ.

ಇಂಥದ್ದನ್ನು ಸವಿಯುವವರು ಮೂರು ಕಡೆ ಕಿವಿ ಇಡಬೇಕು ಎಂದು ನನಗನ್ನಿಸಿದೆ. ಒಂದು, ವಾಕ್ಯದ ಉದ್ದ. ಪುಸ್ತಕದ ವಾಕ್ಯ ಉಸಿರು ಮುಗಿದ ಮೇಲೂ ಮುಗಿಯುವುದಿಲ್ಲ. ಮನೆಯ ವಾಕ್ಯ ಉಸಿರಿಗಿಂತ ಸ್ವಲ್ಪ ಮೊದಲೇ ಮುಗಿದು, ಉಳಿದ ಉಸಿರು ಮುಂದಿನದಕ್ಕೆ ಬರುತ್ತದೆ. ಇನ್ನೊಂದು, ದನಿ ಎಲ್ಲಿ ಬೀಳುತ್ತದೆ ಎಂಬುದು. ಬಾಯಿಪಾಠ ಒಪ್ಪಿಸುವಾಗ ದನಿ ಎದುರಿನ ಗೋಡೆಯ ಮೇಲುತುದಿಗೆ ಹೋಗಿ ತಾಗುತ್ತದೆ. ತನ್ನ ಮಾತು ಸಿಕ್ಕ ಕೂಡಲೇ ಅದು ಇಳಿದು ಮುಂದಿನ ಬೆಂಚಿಗೆ ಬರುತ್ತದೆ. ಮಗು ಅಲ್ಲಿಯವರೆಗೆ ಸಭೆಗೆ ಹೇಳುತ್ತಿತ್ತು, ಈಗ ಯಾರಿಗೋ ಹೇಳುತ್ತದೆ. ಇನ್ನು ಮೂರನೆಯದು, ಬಾಯಿಪಾಠಕ್ಕೂ ತನ್ನ ಮಾತಿಗೂ ನಡುವಿನ ಖಾಲಿ. ತೀರ್ಪುಗಾರರು ಅಲ್ಲಿ ಅಂಕ ಕಳೆಯುತ್ತಾರೆ. ಕಳೆಯಲಿ, ಅದು ಅವರ ಕೆಲಸ.

ಮಾತಿನ ಸ್ಪರ್ಧೆಯನ್ನು ಅಚ್ಚುಕಟ್ಟಾದ ಆಟವನ್ನಾಗಿ ಮಾಡಿದವರು ಅಮೆರಿಕದವರು. ರಾಲ್ಫ್ ಸ್ಮೆಡ್ಲಿ ಎಂಬವರು 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದಲ್ಲಿ ಶುರುಮಾಡಿದ ಕೂಟ ಇವತ್ತಿನ ಟೋಸ್ಟ್‌ಮಾಸ್ಟರ್ಸ್. ಬೆಂಗಳೂರು, ಮೈಸೂರು, ಮಂಗಳೂರಿನ ಕಚೇರಿಗಳಲ್ಲಿ ಸಂಜೆ ಹೊತ್ತು ಇಂಥ ಕ್ಲಬ್ಬುಗಳು ಸೇರುತ್ತವೆ. ಅಲ್ಲಿ ಗಂಟೆ ಇಲ್ಲ, ದೀಪಗಳಿವೆ: ಹಸಿರು, ಹಳದಿ, ಕೆಂಪು. ಸಿದ್ಧಪಡಿಸಿಕೊಂಡ ಭಾಷಣಕ್ಕೆ ಐದರಿಂದ ಏಳು ನಿಮಿಷ. ಅರ್ಧ ನಿಮಿಷ ಹಿಂದುಮುಂದಾದರೆ ಕ್ಷಮೆ, ಅದಕ್ಕಿಂತ ಹೆಚ್ಚಾದರೆ ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಹೊರಗೆ. ಅವರ ಆಶುಭಾಷಣಕ್ಕೆ ಒಂದರಿಂದ ಎರಡು ನಿಮಿಷವಷ್ಟೆ. ಯೋಚಿಸಲು ಬೇರೆ ಸಮಯವಿಲ್ಲ. ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಬಾಯಿ ತೆರೆಯಬೇಕು.

ಅವರಲ್ಲಿ ಒಂದು ಪದ್ಧತಿಯುಂಟು, ಅದು ನನಗೆ ಬಹಳ ಹಿಡಿಸಿದೆ. ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಸ್ಪರ್ಧಿಗಳನ್ನು ಹೊರಗೆ ಕೂರಿಸಿ ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ನಮ್ಮ ಚೀಟಿಯಲ್ಲಿ ಅದೃಷ್ಟದ ಪಾಲು ದೊಡ್ಡದು. ಒಬ್ಬನಿಗೆ ಗಾಂಧೀಜಿ, ಇನ್ನೊಬ್ಬನಿಗೆ ಗುಬ್ಬಚ್ಚಿ. ಅಲ್ಲಿ ಹಾಗಿಲ್ಲ. ನ್ಯಾಯದ ಮಾತು ಒಂದು ಕಡೆ ಇರಲಿ, ಕೇಳುವ ಸುಖಕ್ಕೇ ಇದು ಹೇಳಿಮಾಡಿಸಿದ ಏರ್ಪಾಡು. ಒಂದೇ ಪ್ರಶ್ನೆ ಹಿಡಿದು ಒಬ್ಬರು ಅಜ್ಜಿಯ ಮನೆಗೆ ಹೋಗುತ್ತಾರೆ, ಒಬ್ಬರು ಬ್ಯಾಂಕಿಗೆ, ಒಬ್ಬರು ನೇರ ಆಸ್ಪತ್ರೆಗೆ. ಅವಧಾನದಲ್ಲಿ ಸಮಸ್ಯಾಪೂರಣ ಕೇಳಿದವರಿಗೆ ಈ ಸುಖ ಗೊತ್ತು: ಪೃಚ್ಛಕರು ಎಡವಟ್ಟಾದ ಒಂದು ಸಾಲು ಕೊಟ್ಟು ಕೈಕಟ್ಟಿ ಕೂರುತ್ತಾರೆ, ಅವಧಾನಿ ಅದಕ್ಕೆ ಯಾವ ದಾರಿಯಿಂದ ಅರ್ಥ ತರುತ್ತಾರೆ ಎಂದು ಸಭೆ ಉಸಿರು ಹಿಡಿದಿರುತ್ತದೆ. ಅಲ್ಲಿ ಅಪ್ರಸ್ತುತ ಪ್ರಸಂಗದವರಂತೂ ಮಧ್ಯೆ ಮಧ್ಯೆ ಬಾಯಿ ಹಾಕುವುದಕ್ಕೇ ಬಂದವರು. ಶತಾವಧಾನಿ ಗಣೇಶರು ಛಂದಸ್ಸಿನ ಕಟ್ಟಿನಲ್ಲಿ ಪದ್ಯ ಕಟ್ಟುತ್ತಲೇ ಅಂಥವರಿಗೆ ಉತ್ತರ ಕೊಡುವುದನ್ನು ಕೇಳಿದ ಮೇಲೆ, ಎರಡು ನಿಮಿಷದ ಗದ್ಯಕ್ಕೆ ಹೆದರುವುದು ನಾಚಿಕೆ ಎನ್ನಿಸಬೇಕು. ಆದರೂ ಹೆದರಿಕೆ ಹೋಗುವುದಿಲ್ಲ, ಅದು ಬೇರೆ ಮಾತು.

ಅವರ ಇನ್ನೊಂದು ಪದ್ಧತಿಗೆ ಮಾತ್ರ ನನ್ನ ತಕರಾರಿದೆ. ಮಾತಾಡುವವರು ಎಷ್ಟು ಸಲ ಅ, ಉಂ, ಮತ್ತೆ, ಸೋ ಎಂದರು ಎಂದು ಎಣಿಸುವುದಕ್ಕೇ ಒಬ್ಬರನ್ನು ಕೂರಿಸಿರುತ್ತಾರೆ. ಸಭೆಯ ಕೊನೆಗೆ ಲೆಕ್ಕ ಓದಿ ಹೇಳುತ್ತಾರೆ. ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಅದೇ ಮನುಷ್ಯನನ್ನು ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಅವನ ಪುಸ್ತಕ ತುಂಬಿಹೋದೀತು. ಈ ಕಡೆಯ ಮಾತುಗಾರರು ‘ಅದೇನಪ್ಪಾ ಅಂದ್ರ’ ಎಂದು ಶುರುಮಾಡುವುದು ಮಾತು ಸಿಗದೆ ಅಲ್ಲ. ಎದುರಿನವರು ಬೀಡಿ ಆರಿಸಿ ಇತ್ತ ತಿರುಗಲಿ ಎಂದು. ಗಂಗಾವತಿ ಪ್ರಾಣೇಶರ ಹಾಸ್ಯ ಸಂಜೆಗೆ ಹೋದವರು ನೆನಪು ಮಾಡಿಕೊಳ್ಳಲಿ. ತುಂಗಭದ್ರೆಯ ಆಚೆ ದಡದ ಅದೇ ಮಾತು ಅವರದು. ಅದರಲ್ಲಿರುವ ‘ಏನ್ರೀ’, ‘ಅಲ್ರೀ’, ‘ನೋಡ್ರಿ ಮತ್ತ’ಗಳನ್ನೆಲ್ಲ ಹೆಕ್ಕಿ ತೆಗೆದರೆ ನಗೆ ಎಲ್ಲಿ ಕೂರಬೇಕು? ಬೇಡದ ತಡವರಿಕೆ ಒಂದು, ಬೇಕೆಂದೇ ಎಳೆದ ರಾಗ ಇನ್ನೊಂದು. ಎಣಿಸುವವರಿಗೆ ಎರಡೂ ಒಂದೇ ಗೀಟು.

ಹಾಗೆಂದು ಆ ಕ್ಲಬ್ಬುಗಳ ಮೇಲೆ ನನಗೆ ಗೌರವ ಕಡಿಮೆಯಿಲ್ಲ. 2015ರಲ್ಲಿ ಅವರ ವಿಶ್ವ ಸ್ಪರ್ಧೆ ಗೆದ್ದ ಸೌದಿ ಅರೇಬಿಯಾದ ಮೊಹಮ್ಮದ್ ಕಹ್ತಾನಿ ಚಿಕ್ಕಂದಿನಲ್ಲಿ ತೊದಲುತ್ತಿದ್ದವರು. ವೇದಿಕೆಗೆ ಬಂದವರೇ ಬಾಯಿಗೆ ಸಿಗರೇಟು ಇಟ್ಟು, ಇನ್ನೇನು ಹಚ್ಚಬೇಕು ಎನ್ನುವಂತೆ ನಿಂತರು. ಒಂದು ಮಾತೂ ಆಡದೆಯೇ ಸಭೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮಾತು ಸುಲಭವಾಗಿ ಬರುವವರಿಗೆ ಈ ಧೈರ್ಯ ಬರುವುದು ಕಷ್ಟ.

ಮಾತಿಗೆ ಮುಂಚಿನ ಆ ಹೊತ್ತನ್ನು ಸವಿಯಬೇಕಾದರೆ ಇಲ್ಲಿಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಹೂವಿನಹಡಗಲಿ ತಾಲೂಕಿನ ಮೈಲಾರ ಈಗ ವಿಜಯನಗರ ಜಿಲ್ಲೆಯಲ್ಲಿದೆ. 2021ರ ತನಕ ನಮ್ಮ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕಣಮರಡಿಯ ಬಯಲಿನಲ್ಲಿ ಲೆಕ್ಕವಿಲ್ಲದಷ್ಟು ಜನ. ಡಮರು, ಗಂಟೆ, ಕೂಗು, ಧೂಳು. ಉಪವಾಸವಿದ್ದ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಏರುತ್ತಾನೆ. ತುದಿ ಮುಟ್ಟಿ ಆಕಾಶ ನೋಡಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ಆ ಒಂದು ಕೂಗಿಗೆ ಸುಮ್ಮನಾಗುತ್ತದೆ. ಆಮೇಲೆ ಭವಿಷ್ಯ ನುಡಿಯುವ ಒಂದು ವಾಕ್ಯ, ಅದೂ ನಾಲ್ಕೈದು ಪದದ್ದು, ಅಷ್ಟೆ. ಹೇಳಿದವನು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಆ ವಾಕ್ಯ ಮಳೆಯ ಬಗ್ಗೆಯೋ, ಬೆಲೆಯ ಬಗ್ಗೆಯೋ, ಬೆಂಗಳೂರಿನ ಕುರ್ಚಿಯ ಬಗ್ಗೆಯೋ ಎಂಬ ಜಿಜ್ಞಾಸೆ ವರ್ಷವಿಡೀ ಕಟ್ಟೆ ಕಟ್ಟೆಗಳಲ್ಲಿ ನಡೆಯುತ್ತದೆ. ಭವಿಷ್ಯ ನಿಜವಾಗುತ್ತದೋ ಬಿಡುತ್ತದೋ, ನಾನು ಹೇಳಲಾರೆ. ಭಾಷಣವಾಗಿ ನೋಡಿದರೆ ಈ ನಾಡಿನಲ್ಲಿ ಇದಕ್ಕಿಂತ ಚಿಕ್ಕದನ್ನು, ಇದಕ್ಕಿಂತ ಹೆಚ್ಚು ಜನ ಕಿವಿಗೊಟ್ಟು ಕೇಳಿದ್ದನ್ನು ನಾನು ಕಾಣೆ.

ಇನ್ನೊಂದು ತುದಿಯಲ್ಲಿ ಪುರವಂತರ ಒಡಪು. ವೀರಭದ್ರನ ಗುಗ್ಗಳ ಊರಲ್ಲಿ ಹೊರಟಾಗ, ಸಮ್ಮಾಳದ ಪೆಟ್ಟು ನಿಂತೊಡನೆ, ಕತ್ತಿ ಹಿಡಿದ ಪುರವಂತ ಗಂಟಲ ನರ ಉಬ್ಬಿಸಿ ದಕ್ಷಯಜ್ಞದ ಕಥೆ ಹೇಳುತ್ತಾನೆ. ವಾಕ್ಯದ ಮೇಲೆ ವಾಕ್ಯ, ಪ್ರಾಸದ ಮೇಲೆ ಪ್ರಾಸ, ಒಂದೊಂದು ನಿಲುಗಡೆಗೂ ವಾದ್ಯದ ಹೊಡೆತ. ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಬೇಕಾದ ದನಿ ಅದು. ರಾತ್ರಿಯ ಬಯಲಾಟದಲ್ಲಿ ಭೀಮ, ಕೀಚಕರು ಸಾರಥಿಯ ಕೂಡ ಆಡುವ ಮಾತೂ ಇದೇ ಜಾತಿಯದು. ಶಾಲೆಯ ಮಗು ಗಲ್ಲ ಮೇಲೆತ್ತಿ ‘ಆಸೀನರಾಗಿರುವ’ ಎನ್ನುವಾಗ ನನಗೆ ಈ ದನಿಗಳ ನೆನಪಾಗುತ್ತದೆ. ಅದು ಬರೀ ಪುಸ್ತಕದಿಂದ ಬಂದ ಬಿಗುಮಾನವಲ್ಲ. ಮೈಕು ಬರುವ ಮುಂಚೆ ಸಭೆಯಲ್ಲಿ ನಿಂತು ಮಾತಾಡುವುದು ಹೀಗೆಯೇ ಇತ್ತು.

ಆ ದನಿಯನ್ನು ಇಳಿಸಿ, ಮನುಷ್ಯ ಮನುಷ್ಯನ ಜೊತೆ ಆಡುವ ಹದಕ್ಕೆ ತಂದವರೂ ಈ ಜಿಲ್ಲೆಯವರೇ. ಬಳ್ಳಾರಿ ರಾಘವರು (1880–1946) ಹಗಲು ಕೋರ್ಟಿನಲ್ಲಿ ವಕೀಲರು, ರಾತ್ರಿ ರಂಗದ ಮೇಲೆ ನಟರು. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದವರು. ಪದ್ಯವನ್ನು ರಾಗ ಎಳೆದೆಳೆದು ಹಾಡಿ ಚಪ್ಪಾಳೆ ಗಿಟ್ಟಿಸುವ ಕಾಲದಲ್ಲಿ ಅವರು ಗದ್ಯವನ್ನು ನಂಬಿದರು, ಸಹಜವಾದ ಮಾತನ್ನು ನಂಬಿದರು. ಇವರ ಒಡನಾಟದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು ನಟರೂ ಹೌದು, ಕುಮಾರವ್ಯಾಸನನ್ನು ಓದಿ ಹಳ್ಳಿ ಹಳ್ಳಿಗೆ ಮುಟ್ಟಿಸಿದ ಗಮಕಿಯೂ ಹೌದು; ಏರುದನಿ, ಆಡುದನಿ ಎರಡೂ ಒಬ್ಬರಲ್ಲೇ ಇದ್ದವು. ಬಳ್ಳಾರಿಯ ಕೇಳುಗರಿಗೂ ದೊಡ್ಡ ಮಾತುಗಾರರ ರುಚಿ ಹತ್ತಿತ್ತು. ಸಾಹಿತ್ಯ ಸಮ್ಮೇಳನ 1926ರಲ್ಲಿ ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ, 1958ರಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಈ ಊರಲ್ಲೇ ನಡೆದಿತ್ತು.

ಹಾಗಾಗಿ ‘ನೀರು’ ಚೀಟಿಯ ಹುಡುಗಿ ಮೂರು ನಿಮಿಷದಲ್ಲಿ ಒಂದು ದನಿಯಿಂದ ಇನ್ನೊಂದಕ್ಕೆ ಇಳಿದು, ಕೊನೆಗೆ ಮತ್ತೆ ಏರಿದ್ದನ್ನು ನಾನು ಎಡವಿದ್ದು ಎಂದು ಒಪ್ಪಲಾರೆ. ಒಡಪಿನ ದನಿಯಲ್ಲಿ ಶುರುಮಾಡಿದಳು, ರಾಘವರ ದಾರಿಯಲ್ಲಿ ನಡೆದಳು. ಎರಡೂ ಇಲ್ಲಿಯ ಆಸ್ತಿ. ಬರೀ ಆಡುಮಾತೇ ಆಗಿದ್ದರೆ ಅದು ಮನೆಯ ಹರಟೆಯಾಗಿ ಉಳಿಯುತ್ತಿತ್ತು. ಬರೀ ಏರುದನಿಯಾಗಿದ್ದರೆ ಗೋಡೆ ಬರಹ. ಇಳಿಯುವ ಮೆಟ್ಟಿಲು ಕಾಣಬೇಕಾದರೆ ಮೇಲೊಂದು ಅಟ್ಟ ಇರಬೇಕಾಗುತ್ತದೆ.

ರಾರಾವಿ ಕಡೆಯ ಮಕ್ಕಳಲ್ಲಿ ಇನ್ನೊಂದು ವಿಶೇಷವನ್ನು ಕೇಳಬಹುದು, ಗಡಿಯಾಚೆಯ ತೆಲುಗಿನ ನೆರಳು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೈಸೂರಿಗೆ ಸೇರುವ ಸಂಭ್ರಮಕ್ಕೆ ಬಳ್ಳಾರಿಯಲ್ಲಿ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬರು ಆಸಿಡ್ ದಾಳಿಗೆ ತುತ್ತಾಗಿ ಪ್ರಾಣ ಬಿಟ್ಟರು. ಭಾಷಣದ ಚಪ್ಪರಕ್ಕೂ ಇಲ್ಲಿ ಅಂಥ ಬೆಲೆ ತೆತ್ತವರಿದ್ದಾರೆ. ಗಡಿ ಗೀಟು ಬಿತ್ತು, ನೆಂಟಸ್ತಿಕೆ ಹರಿಯಲಿಲ್ಲ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕೂಡ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ. ಆಶುಭಾಷಣದ ಬಿಸಿಗೆ ಈ ತೆಲುಗು ಮೆಲ್ಲಗೆ ಹೊರಗೆ ಬರುತ್ತದೆ. ಪದವಾಗಿ ಬರುವುದು ಅಪರೂಪ, ರಾಗವಾಗಿ ಬರುತ್ತದೆ. ವಾಕ್ಯದ ಕೊನೆಯ ಸ್ವರ ಕೊಂಚ ಉದ್ದವಾಗುತ್ತದೆ, ಕೇಳಿದವರು ತಲೆದೂಗುವಂತೆ ಒಂದು ಬಳುಕು ಮೂಡುತ್ತದೆ. ಉಚ್ಚಾರಣೆಗೆಂದು ಇಟ್ಟ ಕಾಲಂನಲ್ಲಿ ತೀರ್ಪುಗಾರರು ಇದಕ್ಕೆ ಒಂದು ಅಂಕ ಕಡಿಮೆ ಹಾಕುವುದನ್ನು ಕಂಡಿದ್ದೇನೆ. ನನ್ನನ್ನು ಕೇಳಿದರೆ ಒಂದು ಜಾಸ್ತಿ ಹಾಕಬೇಕು.

ಅಂಕದ ವಿಷಯ ಬಂತಲ್ಲ. ಟೋಸ್ಟ್‌ಮಾಸ್ಟರ್ಸ್‌ನವರ ಸಿದ್ಧಭಾಷಣದ ಹಾಳೆಯಲ್ಲಿ ಬಹುಕಾಲ ವಿಷಯಕ್ಕೆ 50, ಮಂಡನೆಗೆ 30, ಭಾಷೆಗೆ 20 ಎಂದಿತ್ತು. ನಮ್ಮ ಶಾಲೆಗಳಲ್ಲೂ ವಿಷಯ, ಭಾಷೆ, ಹಾವಭಾವ, ಸಮಯಪಾಲನೆ ಎಂದು ಗೀಟು ಎಳೆದ ಕಾಗದ ಕೊಡುತ್ತಾರೆ. ಗಂಟೆ ಮರೆತು ಬಂದಿದ್ದರೆ ಸ್ಟೀಲ್ ಲೋಟಕ್ಕೆ ಪೆನ್ನಿನಿಂದ ತಟ್ಟುತ್ತಾರೆ. ಆ ಸದ್ದಿಗೆ ಮಕ್ಕಳು ಒಬ್ಬೊಬ್ಬರು ಒಂದೊಂದು ರೀತಿ ತಿರುಗುತ್ತಾರೆ. ಕೆಲವರು ಅರ್ಧ ಪದಕ್ಕೇ ನಿಲ್ಲುತ್ತಾರೆ. ಕೆಲವರು ಕೇಳಿಸಲೇ ಇಲ್ಲವೆಂಬಂತೆ ಮುಂದುವರಿಸಿ, ಎರಡನೆಯ ಪೆಟ್ಟಿಗೆ ಓಡುತ್ತಾರೆ. ಒಬ್ಬ ಹುಡುಗ “ಇರ್ರಿ ಸರ್, ಇನ್ನೊಂದ್ ಐತಿ” ಎಂದು ಕೈ ತೋರಿಸಿ, ಆ ಇನ್ನೊಂದನ್ನು ಹೇಳಿಯೇ ಇಳಿದ. ಸಮಯಪಾಲನೆಯಲ್ಲಿ ಸೊನ್ನೆ ಬಿತ್ತು. ಅವನ ಆ ಇನ್ನೊಂದು, ಅವರೂರ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿ ತೂಕದ ಮೇಲೆ ಯಾವಾಗಲೂ ಎರಡು ಕಾಯಿ ಹೆಚ್ಚು ಹಾಕಿ, ಗಿರಾಕಿ ಆ ಕಡೆ ಹೋದ ಮೇಲೆ ಬೈದುಕೊಳ್ಳುತ್ತಾಳೆ ಎಂಬುದು. ಸೊನ್ನೆಗೆ ಲಾಭವೇ ಆಯಿತೆನ್ನಬೇಕು.

ಟೋಸ್ಟ್‌ಮಾಸ್ಟರ್ಸ್‌ನವರಿಂದ ನಾವು ಒಂದನ್ನು ಕಡ ತರಬಹುದಾದರೆ ಅದು ವಿಮರ್ಶೆಯ ಸ್ಪರ್ಧೆ. ಒಬ್ಬರು ಭಾಷಣ ಮಾಡುತ್ತಾರೆ. ಸ್ಪರ್ಧಿಗಳು ಅದನ್ನು ಕೇಳಿ, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಇನ್ನೂ ಚೆನ್ನಾಗಬಹುದಿತ್ತು ಎಂದು ಎರಡು ಮೂರು ನಿಮಿಷ ಹೇಳಬೇಕು. ಗೆಲ್ಲುವುದು ಚೆನ್ನಾಗಿ ಕೇಳಿಸಿಕೊಂಡವರು. ನಮ್ಮಲ್ಲಿ ಆ ಕೆಲಸಕ್ಕೆ ವೇದಿಕೆಯಿಲ್ಲ, ಅಂಕವಿಲ್ಲ. ಊರಿಗೆ ಮರಳುವ ಟಂಟಂನಲ್ಲಿ ಅದು ನಡೆಯುತ್ತದೆ. ಅವತ್ತು ನಾನೂ ಅದೇ ಗಾಡಿಯಲ್ಲಿದ್ದೆ. ‘ನೀರು’ ಹುಡುಗಿಗೆ ಎರಡನೇ ಬಹುಮಾನ ಬಂದಿತ್ತು. ಮೊದಲನೆಯದು ‘ಪರಿಸರ ಸಂರಕ್ಷಣೆ’ಗೆ ಹೋಗಿತ್ತು. ಸರ್ಟಿಫಿಕೇಟು ಸುತ್ತಿ ಹಿಡಿದುಕೊಂಡು ಅವಳು ಮೇಷ್ಟ್ರ ಎದುರು ಕೂತಿದ್ದಳು.

“ಕಸಕಡ್ಡಿ ಮೊದ್ಲು ಬರ್ತೈತಿ ಅಂದೆಲ್ಲವ್ವ, ಅಲ್ಲಿ ಸ್ವಲ್ಪ ನಿಲ್ಲಬೇಕಾಗಿತ್ತು” ಎಂದರು ಮೇಷ್ಟ್ರು. “ಎಲ್ಲರೂ ಕಣ್ಣಾಗ ನೋಡಾಕತ್ತಿದ್ರು. ನೀನು ಗಡಬಡಿಸಿ ದಾಟಿಬಿಟ್ಟಿ.”

ಅವಳು ತಲೆಯಾಡಿಸಿದಳು.

“ಮತ್ತ ಮುಕ್ಕಾಲು ಪಾಲು ನೀರೈತಿ ಅಂದಿ. ಅದರಾಗ ಬಹಳಷ್ಟು ಉಪ್ಪುನೀರು ಅಂತ ಹೇಳಲೇ ಇಲ್ಲ.”

“ಅದನ್ನ ಹೇಳಿದ್ರ ನಮ್ಮಪ್ಪಗ ಟೈಮ್ ಎಲ್ಲಿರ್ತಿತ್ತು ಸರ್?” ಎಂದಳು ಹುಡುಗಿ.